ಮೇರಿ ಪಟ್ನಮ್ ಜಕೋಬಿ

ಮೇರಿ ಕೊರಿನ್ನಾ ಪಟ್ನಮ್ ಜಕೋಬಿ (ಆಗಸ್ಟ್ 31, 1842 – ಜೂನ್ 10, 1906) ಅಮೆರಿಕದ ವೈದ್ಯೆ, ಲೇಖಕಿ ಹಾಗೂ ಮಹಿಳಾ ಮತದಾನದ ಹಕ್ಕಿನ ಪ್ರತಿಪಾದಕಿ. ಮುಟ್ಟಿನ ದಿನಗಳಲ್ಲಿ ಸ್ತ್ರೀಯರ ದೇಹಬಲ ಕುಗ್ಗುತ್ತದೆಂಬ ನಂಬಿಕೆಯನ್ನು ಅಳತೆಗಳಿಂದ ಪರೀಕ್ಷಿಸಿದುದಕ್ಕಾಗಿ ಇವರು ಪ್ರಸಿದ್ಧರು.

ಜೀವನ

ಪುಸ್ತಕ ಪ್ರಕಾಶಕ ಜಾರ್ಜ್ ಪಾಮರ್ ಪಟ್ನಮ್ ಅವರ ಮಗಳಾಗಿ ಲಂಡನ್ನಿನಲ್ಲಿ ಜನಿಸಿದರು. 1864ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. 1868ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಶಾಲೆಗೆ ಪ್ರವೇಶ ಪಡೆದ ಮೊದಲ ಮಹಿಳೆಯಾದರು. 1871ರಲ್ಲಿ ಅಲ್ಲಿಂದ ಪದವೀಧರೆಯಾದರು. 1873ರಲ್ಲಿ ಮಕ್ಕಳ ವೈದ್ಯ ಅಬ್ರಹಾಂ ಜಕೋಬಿಯವರನ್ನು ವಿವಾಹವಾದರು.

ದಣಿವಿನ ಅಧ್ಯಯನ

1873ರಲ್ಲಿ ಹಾರ್ವರ್ಡ್‌ನ ವೈದ್ಯ ಎಡ್ವರ್ಡ್ ಕ್ಲಾರ್ಕ್, ಹುಡುಗರಂತೆ ಎಡೆಬಿಡದೆ ಓದುವ ಹುಡುಗಿಯರ ಆರೋಗ್ಯ ಕೆಡುತ್ತದೆ ಎಂದು ವಾದಿಸಿದರು. ಉನ್ನತ ಶಿಕ್ಷಣದಿಂದ ಮಹಿಳೆಯರನ್ನು ದೂರವಿಡಲು ಈ ವಾದ ಬಳಕೆಯಾಯಿತು. ಜಕೋಬಿ ಪ್ರಶ್ನಾವಳಿ ಕಳುಹಿಸಿ 268 ಮಹಿಳೆಯರಿಂದ ಉತ್ತರ ಪಡೆದರು. ಕೆಲವರಲ್ಲಿ ಮುಟ್ಟಿಗೆ ಮೊದಲು, ಮುಟ್ಟಿನ ವೇಳೆ ಮತ್ತು ನಂತರ ಸ್ನಾಯುಬಲವನ್ನು ಅಳೆದು, ನಾಡಿಮಿಡಿತದ ರೇಖೆಗಳನ್ನು ದಾಖಲಿಸಿದರು. ಸರಿಯಾದ ಪೋಷಣೆಯುಳ್ಳ ಮಹಿಳೆಗೆ ಮುಟ್ಟಿನ ಕಾರಣದಿಂದಲೇ ವಿಶ್ರಾಂತಿ ಕಡ್ಡಾಯವಲ್ಲ ಎಂಬುದು ಅವರ ತೀರ್ಮಾನ. ಹೆಸರು ನಮೂದಿಸದೆ ಸಲ್ಲಿಸಿದ ಈ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡ್‌ನ ಬಾಯ್ಲ್‌ಸ್ಟನ್ ಬಹುಮಾನ ದೊರೆಯಿತು. ಆ ವೈದ್ಯಕೀಯ ಶಾಲೆ ವಿದ್ಯಾರ್ಥಿನಿಯರಿಗೆ ಪ್ರವೇಶ ನೀಡಿದ್ದು 1945ರಲ್ಲಿ.

ಪುರುಷರ ಸರಾಸರಿ ಸ್ನಾಯುಬಲ ಹೆಚ್ಚು. ಆದರೆ ಇಬ್ಬರೂ ತಮ್ಮ ತಮ್ಮ ಗರಿಷ್ಠ ಬಲದ ಒಂದೇ ಪಾಲನ್ನು ಬಳಸಿ ಸ್ನಾಯುವನ್ನು ಬಿಗಿಹಿಡಿದಾಗ, ಸ್ತ್ರೀಯರು ಸಾಮಾನ್ಯವಾಗಿ ನಿಧಾನವಾಗಿ ದಣಿಯುತ್ತಾರೆಂದು ನಂತರದ ಸಂಶೋಧನೆಗಳು ತೋರಿಸಿವೆ.

ನಿಧನ

ಮೆದುಳಿನ ಗಡ್ಡೆಯಿಂದ ಬಳಲಿದ ಜಕೋಬಿ, ತಮ್ಮ ರೋಗಲಕ್ಷಣಗಳನ್ನೇ ವೈದ್ಯಕೀಯ ಲೇಖನವಾಗಿ ಬರೆದಿಟ್ಟು ನ್ಯೂಯಾರ್ಕಿನಲ್ಲಿ ನಿಧನರಾದರು.