ನೀರು ಮಾರುವವನ ಒಂದು ಬಟ್ಟಲು ಮದ್ಯ

ಈ ಲೇಖನಕ್ಕೆ ನಾನು ಕೈಹಾಕಿದುದರ ಹಿಂದೆ ಒಂದು ಜಗಳವಿದೆ. ಅದನ್ನು ಮೊದಲೇ ಹೇಳಿಬಿಡುವುದು ಮೇಲು. ನಮ್ಮ ಎಂ.ಎ. ತರಗತಿಯಲ್ಲಿ ನನಗಿಂತ ಎರಡು ವರ್ಷ ಹಿರಿಯನಾದ ಗೆಳೆಯನೊಬ್ಬನಿದ್ದಾನೆ. ವಿದ್ಯಾರ್ಥಿ ನಿಲಯದವರೆಲ್ಲ ಅವನನ್ನು ಅಣ್ಣ ಎಂದೇ ಕರೆಯುವುದು. ನಮ್ಮ ಕಾಲೇಜಿನ ಓಟಗಾರರಲ್ಲಿ ಅವನನ್ನು ಮೀರಿಸುವವರಿಲ್ಲ. ಕಳೆದ ವರ್ಷ ಅವನು 21 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಓಟಕ್ಕೆ ಹೆಸರು ಕೊಟ್ಟು, ಬೆಳಗಿನ ಐದು ಗಂಟೆಗೆ ಊರಾಚೆಯ ಕೆರೆ ಏರಿಯ ಮೇಲೆ ಅಭ್ಯಾಸ ಆರಂಭಿಸಿದ. ಜೊತೆಗೆ ಓಡಲು ನಾನು. ಶನಿವಾರದ ಸಂಜೆ ಮಾತ್ರ ಅವನು ಪೇಟೆಗೆ ಹೋಗಿ ಒಂದು ಲೋಟ ಬಿಯರ್ ಕುಡಿದು ಬರುತ್ತಿದ್ದ. ಒಂದೇ ಲೋಟ, ಎರಡನೆಯದನ್ನು ಮುಟ್ಟಿದವನಲ್ಲ. ನಾನು ಆಕ್ಷೇಪಿಸಿದೆ. ಅದಕ್ಕೆ ಅವನು ಕೊಟ್ಟ ಉತ್ತರ ನನ್ನ ಬಾಯಿ ಕಟ್ಟಿತು: ಜಗತ್ತಿನ ಮೊದಲ ಒಲಿಂಪಿಕ್ ಮ್ಯಾರಥಾನನ್ನು ಗೆದ್ದವನು ಓಟದ ನಡುವೆಯೇ ನಿಂತು ಮದ್ಯ ಕುಡಿದು ಗೆದ್ದನಂತೆ, ಹಾಗಿರುವಾಗ ವಾರಕ್ಕೊಂದು ಲೋಟದಿಂದ ಏನು ಮುಳುಗಿತು? ಚರಿತ್ರೆಯ ವಿದ್ಯಾರ್ಥಿಯಾದ ನಾನು ಈ ಮಾತಿನ ನಿಜವನ್ನು ಹುಡುಕಿ ತರಬೇಕೆಂದು ಪಂಥ ಕಟ್ಟಿದ. ಹುಡುಕುತ್ತ ಹೋದಂತೆ ಬಟ್ಟಲು ಹಿಂದೆ ಸರಿದು ಆ ಮನುಷ್ಯನೇ ಮುಂದೆ ಬಂದು ನಿಂತುಬಿಟ್ಟ.

ಅವನ ಹೆಸರು ಸ್ಪಿರಿದೋನ್ ಲೂಯಿಸ್. ಹುಟ್ಟಿದ್ದು 1873ನೆಯ ಇಸವಿ ಜನವರಿ 12ರಂದು, ಗ್ರೀಸ್ ದೇಶದ ಅಥೆನ್ಸ್ ನಗರದ ಈಶಾನ್ಯಕ್ಕಿರುವ ಮಾರೂಸಿ ಎಂಬ ಹಳ್ಳಿಯಲ್ಲಿ. ಇಂದು ಅದು ನಗರದೊಳಗೇ ಸೇರಿಹೋಗಿದೆ; ಆಗ ಹೊಲ, ತೋಟ, ಊಟೆಗಳ ಊರು. ಮನೆತನ ಬಡವರದು. ಅಥೆನ್ಸಿನಲ್ಲಿ ಆ ಕಾಲಕ್ಕೆ ಕುಡಿಯುವ ನೀರಿಗೆ ಬಹಳ ತಾಪತ್ರಯವಿತ್ತು. ಹಳ್ಳಿಯ ಸಿಹಿನೀರನ್ನು ನಗರಕ್ಕೆ ಒಯ್ದು ಮಾರುವುದೇ ಒಂದು ಕಸಬು. ಲೂಯಿಸನ ತಂದೆ ಅದನ್ನೇ ಮಾಡುತ್ತಿದ್ದ, ಮಗನೂ ಅದಕ್ಕೇ ಇಳಿದ. ಹೇಸರಗತ್ತೆಯ ಮೇಲೆ ನೀರು ಹೇರಿ, ತಾನು ಅದರ ಪಕ್ಕದಲ್ಲಿ ನಡೆಯುತ್ತ, ಒಮ್ಮೊಮ್ಮೆ ಓಡುತ್ತ, ಸುಮಾರು 13 ಕಿಲೋಮೀಟರು ಹೋಗುವುದು, ಮಾರಿ ಹಿಂದಿರುಗುವುದು. ದಿನಕ್ಕೆ ಎರಡು ಸಲ ಹೀಗೆ ಹೋಗಿ ಬರುತ್ತಿದ್ದನೆಂದೂ ಹೇಳುವವರಿದ್ದಾರೆ. ಒಂದೇ ಸಲವೆಂದು ಇಟ್ಟುಕೊಂಡರೂ ವಾರಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಿ ನೋಡಬಹುದು. ನಾನೂ ಅಣ್ಣನೂ ಕೆರೆ ಏರಿಯ ಮೇಲೆ ಓಡುತ್ತಿದ್ದುದು ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

ಮ್ಯಾರಥಾನ್ ಓಟವು ಗ್ರೀಕರಲ್ಲಿ ಪ್ರಾಚೀನ ಕಾಲದಿಂದ ನಡೆದುಬಂದ ಸ್ಪರ್ಧೆಯೆಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ತಪ್ಪು. ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪರ್ಷಿಯನ್ನರು ಸೋತಾಗ, ಗೆಲುವಿನ ಸುದ್ದಿಯನ್ನು ಅಥೆನ್ಸಿಗೆ ಓಡಿಬಂದು ತಿಳಿಸಿ ಅಲ್ಲಿಯೇ ಪ್ರಾಣಬಿಟ್ಟ ದೂತನ ಕಥೆಯೊಂದಿದೆ. ಆ ಕಥೆಯನ್ನು ಹಿಡಿದು, ಬಯಲಿನಿಂದ ನಗರದವರೆಗೆ ಓಟದ ಸ್ಪರ್ಧೆ ಇಡಬೇಕೆಂದು ಸೂಚಿಸಿದವನು ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾಶಾಸ್ತ್ರಜ್ಞ. ಗೆದ್ದವನಿಗೆ ಬೆಳ್ಳಿಯ ಬಟ್ಟಲನ್ನು ಕೊಡುವುದಾಗಿಯೂ ಅವನೇ ಹೇಳಿದ. ಅಟ್ಟದ ಮೇಲಿನ ಪುಸ್ತಕಗಳ ನಡುವೆ ಕುಳಿತ ವಿದ್ವಾಂಸನೊಬ್ಬನ ಬಯಕೆಗೆ ಇಂದಿಗೂ ಲಕ್ಷಾಂತರ ಜನ ಕಾಲು ಸವೆಸುತ್ತಿದ್ದಾರೆಂಬುದು ಸೋಜಿಗ!

1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳು ಏರ್ಪಟ್ಟವು. ಗ್ರೀಕರು ಈ ಓಟಕ್ಕಾಗಿ ಮುಂಚೆಯೇ ಎರಡು ಪರೀಕ್ಷಾ ಓಟಗಳನ್ನು ನಡೆಸಿದರು. ಲೂಯಿಸನು ಸೈನ್ಯದಲ್ಲಿದ್ದಾಗ ಅವನ ಮೇಲಧಿಕಾರಿಯಾಗಿದ್ದ ಪಾಪದಿಯಮಾಂತೊಪೌಲೋಸ್ ಎಂಬಾತನೇ ಈ ಓಟಗಳ ಮೇಲ್ವಿಚಾರಕ. ಹುಡುಗನ ಕಾಲಿನ ಕಸುವನ್ನು ಬಲ್ಲವನಾದ್ದರಿಂದ ಅವನನ್ನು ಓಡಲು ಹುರಿದುಂಬಿಸಿದನಂತೆ. ಎರಡನೆಯ ಪರೀಕ್ಷೆಯಲ್ಲಿ ಲೂಯಿಸ್ ಐದನೆಯವನಾಗಿ ಬಂದ. ಅಂದರೆ ಅವನೇ ಗೆಲ್ಲುತ್ತಾನೆಂದು ಯಾರೂ ಪಣ ಕಟ್ಟುವಂತಿರಲಿಲ್ಲ.

ಏಪ್ರಿಲ್ 10ನೆಯ ತಾರೀಖು ಮಧ್ಯಾಹ್ನ ಎರಡು ಗಂಟೆಗೆ ಮ್ಯಾರಥಾನ್ ಸೇತುವೆಯ ಬಳಿ 17 ಮಂದಿ ಸಾಲಾಗಿ ನಿಂತರು. ಅವರಲ್ಲಿ 13 ಮಂದಿ ಗ್ರೀಕರು. ಪರದೇಶದವರು ನಾಲ್ವರೇ: ಫ್ರಾನ್ಸಿನ ಲೆರ್ಮುಸಿಯೊ, ಆಸ್ಟ್ರೇಲಿಯದ ಎಡ್ವಿನ್ ಫ್ಲಾಕ್, ಅಮೆರಿಕದ ಬ್ಲೇಕ್, ಹಂಗೇರಿಯ ಕೆಲ್ನರ್. ಮೊದಲ ಮೂವರು ಕೆಲವೇ ದಿನಗಳ ಹಿಂದೆ 1500 ಮೀಟರ್ ಓಟದಲ್ಲಿ ಬಹುಮಾನ ಪಡೆದವರು. ಅದರಲ್ಲೂ ಫ್ಲಾಕ್ ಹಿಂದಿನ ದಿನವಷ್ಟೇ 800 ಮೀಟರನ್ನೂ ಗೆದ್ದಿದ್ದ. ಆದರೆ ದಾರಿ ಸುಮಾರು 40 ಕಿಲೋಮೀಟರು, ನಡುವೆ ಏರು. ಲೆರ್ಮುಸಿಯೊ ಮೊದಲಿಗೆ ಬಾಣದಂತೆ ಹೊರಟ. ಗ್ರೀಕರು ಬಹಳ ಹಿಂದೆ ಉಳಿದರು.

ಪಿಕೆರ್ಮಿ ಎಂಬ ಹಳ್ಳಿಗೆ ಬಂದಾಗ ಲೂಯಿಸ್ ನಿಂತ. ಅಣ್ಣನು ಹೇಳಿದ ಪ್ರಸಂಗ ಇದೇ. ಅಲ್ಲಿ ಅವನು ಒಂದು ಬಟ್ಟಲು ದ್ರಾಕ್ಷಾಮದ್ಯವನ್ನು ಕುಡಿದು, ಮುಂದೆ ಹೋದವರು ಎಷ್ಟು ದೂರದಲ್ಲಿದ್ದಾರೆಂದು ವಿಚಾರಿಸಿ, ಅವರನ್ನೆಲ್ಲ ಹಿಡಿದೇ ಹಿಡಿಯುತ್ತೇನೆಂದು ಹೇಳಿ ಹೊರಟನಂತೆ. ಅದು ದ್ರಾಕ್ಷಾಮದ್ಯವಲ್ಲ, ಕೋನ್ಯಾಕ್ ಎಂದು ಇನ್ನು ಕೆಲವರು. ಅವನ ಮನೆಯವರ ನೆನಪಿನಲ್ಲಿ ಉಳಿದ ಕಥೆ ಇನ್ನೂ ಸೊಗಸಾಗಿದೆ: ಮುಂದೆ ಅವನ ಹೆಂಡತಿಯಾದ ಎಲೆನಿ ದಾರಿಯಲ್ಲಿ ಅರ್ಧ ಕಿತ್ತಳೆ ಹಣ್ಣು ಕೊಟ್ಟಳಂತೆ, ಸ್ವಲ್ಪ ಮುಂದೆ ಅವಳ ತಂದೆ ಕೋನ್ಯಾಕ್ ಕೊಟ್ಟನಂತೆ. ಮಾವನಾಗುವವನು ಕೊಟ್ಟುದನ್ನು ಬೇಡವೆನ್ನುವ ಧೈರ್ಯ ಯಾರಿಗಿದ್ದೀತು!

ಇನ್ನುಳಿದ ಓಟ ಲೂಯಿಸನು ಹೇಳಿದಂತೆಯೇ ನಡೆಯಿತು. ಬ್ಲೇಕ್ ಸುಮಾರು 23ನೆಯ ಕಿಲೋಮೀಟರಿನಲ್ಲಿ ಬಿಟ್ಟ; ಲೆರ್ಮುಸಿಯೊ 32ರಲ್ಲಿ ಸೋತು ನಿಂತ. ಫ್ಲಾಕ್ ಮುಂದಾದ. ಲೂಯಿಸ್ ಒಂದೇ ಹದದಲ್ಲಿ ಓಡುತ್ತ ಅವನನ್ನು ಸಮೀಪಿಸಿ ಹಿಂದಿಕ್ಕಿದ ಮೇಲೆ, ಪಾಪ, ಫ್ಲಾಕ್ ಕಾಲು ಸೋತು ಕುಸಿದುಬಿದ್ದ. ಇತ್ತ ಅಮೃತಶಿಲೆಯ ಕ್ರೀಡಾಂಗಣದಲ್ಲಿ ಕುಳಿತಿದ್ದ ಜನಕ್ಕೆ ಮೊದಲು ಆಸ್ಟ್ರೇಲಿಯದವನೇ ಮುಂದಿದ್ದಾನೆಂಬ ಸುದ್ದಿ ಬಂದು ಮುಖ ಬಾಡಿತ್ತು. ಅಲ್ಲಿಯವರೆಗೆ ಓಟ ಎಸೆತಗಳ ಸ್ಪರ್ಧೆಗಳಲ್ಲಿ ಗ್ರೀಕರಿಗೆ ಒಂದು ಗೆಲುವೂ ಇರಲಿಲ್ಲ. ತಮ್ಮದೇ ಎಂದು ನಂಬಿದ್ದ ಚಕ್ರ ಎಸೆತವೂ ಅಮೆರಿಕದವನ ಪಾಲಾಗಿತ್ತು. ಆಮೇಲೆ ಕುದುರೆಯೇರಿ ಬಂದ ಸುದ್ದಿ ಬೇರೆ. ಧೂಳು ಬೆವರಿನಲ್ಲಿ ಮಿಂದ ನೀರು ಮಾರುವವನು ಒಳಗೆ ಬಂದಾಗ ಇಬ್ಬರು ರಾಜಕುಮಾರರು ಆಸನ ಬಿಟ್ಟಿಳಿದು ಅವನ ಅಕ್ಕಪಕ್ಕದಲ್ಲಿ ಗುರಿಯವರೆಗೆ ಓಡಿದರು. ಹಿಡಿದ ಕಾಲ 2 ಗಂಟೆ 58 ನಿಮಿಷ 50 ಸೆಕೆಂಡು. ಏಳು ನಿಮಿಷದ ಮೇಲೆ ವಾಸಿಲಾಕೋಸ್ ಎರಡನೆಯವನಾಗಿ ಬಂದ. ಮೂರನೆಯವನಾಗಿ ಬಂದ ಬೆಲೋಕಾಸ್ ದಾರಿಯಲ್ಲಿ ಸ್ವಲ್ಪ ದೂರ ಗಾಡಿ ಹತ್ತಿದ್ದನೆಂದು ತಿಳಿದು, ಆ ಸ್ಥಾನ ಹಂಗೇರಿಯ ಕೆಲ್ನರನಿಗೆ ಹೋಯಿತು.

ಇಷ್ಟು ಓದಿದಾಗ ಅಣ್ಣನೇ ಗೆದ್ದನೆಂದು ನನಗೆ ತೋರಿತು. ಕುಡಿದದ್ದು ನಿಜ, ಗೆದ್ದದ್ದೂ ನಿಜ. ಆದರೆ ಕುಡಿದುದರಿಂದ ಗೆದ್ದನೆಂದು ಹೇಳುವುದಾದರೆ ಕಿತ್ತಳೆಯಿಂದ ಗೆದ್ದನೆಂದೂ ಹೇಳಬಹುದಲ್ಲ? ಅದಲ್ಲದೆ ಆ ಕಾಲದ ನಂಬಿಕೆಯೇ ಬೇರೆ. ಓಡುವಾಗ ನೀರು ಕುಡಿಯಬಾರದು, ಕುಡಿದರೆ ಕೆಡುಕು. ಮದ್ಯವಾದರೋ ಚೈತನ್ಯ ಕೊಡುವ ಔಷಧ. ವೈದ್ಯರೂ ತರಬೇತುದಾರರೂ ಹೀಗೆಯೇ ತಿಳಿದಿದ್ದರು. ಈ ನಂಬಿಕೆ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಬೇಕಾದರೆ ಎಂಟು ವರ್ಷ ಮುಂದೆ, ಅಮೆರಿಕದ ಸೇಂಟ್ ಲೂಯಿ ನಗರಕ್ಕೆ ಹೋಗಬೇಕು. 1904ರ ಒಲಿಂಪಿಕ್ ಮ್ಯಾರಥಾನ್ ಆಗಸ್ಟ್ 30ರಂದು ಸುಡುಬಿಸಿಲಿನಲ್ಲಿ, ಕಣ್ಣು ಕಾಣದ ಧೂಳಿನಲ್ಲಿ ನಡೆಯಿತು. ಥಾಮಸ್ ಹಿಕ್ಸ್ ಎಂಬಾತ ದಾರಿಯಲ್ಲಿ ನೀರು ಬೇಡಿದ. ಜೊತೆಗಿದ್ದವರು ನೀರು ಕೊಡದೆ ಒದ್ದೆ ಸ್ಪಂಜಿನಿಂದ ಬಾಯಿ ಒರೆಸಿ, ಮೊಟ್ಟೆಯ ಬಿಳಿಯನ್ನೂ, ಸ್ಟ್ರಿಕ್ನೀನ್ ಎಂಬ ವಿಷವನ್ನೂ, ಬ್ರಾಂದಿಯನ್ನೂ ಕೊಟ್ಟು ಮುಂದೆ ತಳ್ಳಿದರು. ಕೊನೆಕೊನೆಗೆ ಆತ ಭ್ರಮೆ ಹಿಡಿದವನಂತಾದ. 3 ಗಂಟೆ 28 ನಿಮಿಷ 53 ಸೆಕೆಂಡಿಗೆ ಗುರಿ ಮುಟ್ಟಿದ, ಚಿನ್ನದ ಪದಕವನ್ನೂ ಪಡೆದ. ಬದುಕಿ ಉಳಿದದ್ದೇ ಹೆಚ್ಚು. ಹೊರಟ 32 ಮಂದಿಯಲ್ಲಿ ಮುಗಿಸಿದವರು 14 ಮಂದಿ. ಬ್ರಾಂದಿ ಕುಡಿದು ಗೆದ್ದವನು ಇವನೂ ಹೌದೆಂದು ಅಣ್ಣನಿಗೆ ಹೇಳಿದೆ. ಅವನು ನಕ್ಕು ಸುಮ್ಮನಾದ.

ಇಂದಿನ ವಿಜ್ಞಾನ ಹೇಳುವುದು ಇಷ್ಟು. ಒಂದು ಬಟ್ಟಲು ದ್ರಾಕ್ಷಾಮದ್ಯದಲ್ಲಿ ಸುಮಾರು 12ರಿಂದ 14 ಗ್ರಾಂ ಮದ್ಯಸಾರವಿರುತ್ತದೆ. ಯಕೃತ್ತು ಅದನ್ನು ಗಂಟೆಗೆ 7ರಿಂದ 10 ಗ್ರಾಮಿನಷ್ಟು ಮಾತ್ರ ಕರಗಿಸಬಲ್ಲುದು. ಆ ಕೆಲಸದಲ್ಲಿ ತೊಡಗಿರುವಾಗ ರಕ್ತಕ್ಕೆ ಹೊಸದಾಗಿ ಸಕ್ಕರೆಯನ್ನು ಮಾಡಿಕೊಡುವ ಅದರ ಇನ್ನೊಂದು ಕೆಲಸ ಹಿಂದೆ ಬೀಳುತ್ತದೆ. ದೂರದ ಓಟಗಾರನಿಗೆ ಬೇಕಾದದ್ದು ಆ ಸಕ್ಕರೆಯೇ. ಓಟದ ಮೇಲೆ ಹೆಚ್ಚು ಕುಡಿದರೆ ಸ್ನಾಯುಗಳ ದುರಸ್ತಿ ತಡವಾಗುತ್ತದೆ, ನಿದ್ರೆ ಕೆಡುತ್ತದೆ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಹಾಗೆಂದು ಶನಿವಾರದ ಒಂದು ಲೋಟ ಅಣ್ಣನ ಓಟವನ್ನು ಮುಳುಗಿಸಿತೆಂದು ನಾನು ಹೇಳಿದರೆ ಅದೂ ಸುಳ್ಳಾದೀತು. ಒಂದು ಲೋಟದ ಕೇಡು ಚಿಕ್ಕದು. ನನ್ನ ತಕರಾರು ಲೋಟದ ಮೇಲಲ್ಲ, ಲೂಯಿಸನ ಹೆಸರನ್ನು ಅದಕ್ಕೆ ಅಂಟಿಸಿದ್ದರ ಮೇಲೆ. ದ್ರಾಕ್ಷಾಮದ್ಯ ಆ ನಾಡಿನ ರೈತನಿಗೆ ರೊಟ್ಟಿಯ ಜೊತೆಗಿನ ದಿನದ ಪದಾರ್ಥ. ಅವನು ಅದನ್ನು ಕುಡಿಯುವುದಕ್ಕೆ ನೆಪ ಹುಡುಕಲಿಲ್ಲ. ನಾವು ಹುಡುಕಿದೆವು. ನಾವು ಎನ್ನುವುದಕ್ಕೆ ಕಾರಣ, ಎರಡು ಶನಿವಾರ ನಾನೂ ಅಣ್ಣನ ಜೊತೆಗೆ ಹೋಗಿದ್ದೆ. ಎರಡನೆಯ ಸಲ ಲೂಯಿಸನ ಕಥೆಯನ್ನು ಹೇಳಿಕೊಂಡೇ ಲೋಟ ಎತ್ತಿದ್ದೆ.

ಗೆದ್ದ ಮೇಲಿನ ಅವನ ಬಾಳನ್ನು ಬಹಳ ಜನ ಹೇಳುವುದಿಲ್ಲ. ಬೆಳ್ಳಿಯ ಪದಕ (ಆ ಕ್ರೀಡೆಗಳಲ್ಲಿ ಮೊದಲ ಬಹುಮಾನವೇ ಬೆಳ್ಳಿ), ಆಲಿವ್ ಕೊಂಬೆ, ಬ್ರೆಯಾಲನ ಬಟ್ಟಲು ದೊರೆತವು. ಅಥೆನ್ಸಿನ ವ್ಯಾಪಾರಿಗಳು ಆಭರಣದಿಂದ ಹಿಡಿದು ಬದುಕಿರುವವರೆಗೆ ಪುಕ್ಕಟೆ ಕ್ಷೌರದವರೆಗೆ ಏನೇನೋ ಕೊಡಲು ಬಂದರು. ದೊರೆಯು ಏನು ಬೇಕೆಂದು ಕೇಳಿದಾಗ, ನೀರು ಸಾಗಿಸಲು ಒಂದು ಗಾಡಿ, ಎಳೆಯಲು ಒಂದು ಪ್ರಾಣಿ ಸಾಕೆಂದನೆಂಬುದು ಪ್ರಸಿದ್ಧವಾದ ಕಥೆ. ಅವನು ಮತ್ತೆಂದೂ ಸ್ಪರ್ಧೆಯಲ್ಲಿ ಓಡಲಿಲ್ಲ. ಊರಿಗೆ ಹೋಗಿ ಎಲೆನಿಯನ್ನು ಮದುವೆಯಾದ, ಬೇಸಾಯ ಮಾಡಿದ, ಮುಂದೆ ಊರಿನ ಪೋಲೀಸನಾದ. 1920ರ ದಶಕದ ಕೊನೆಯಲ್ಲಿ ಮ್ಯಾರಥಾನಿನ ಬಳಿಯೇ ಅಣೆಕಟ್ಟು ಎದ್ದು, ಅವನು ಓಡಿದ ಕಡೆಯಿಂದಲೇ ಅಥೆನ್ಸಿಗೆ ಕೊಳವೆಗಳಲ್ಲಿ ನೀರು ಬರುವಂತಾಯಿತು. ಅದಕ್ಕೆ ಸ್ವಲ್ಪ ಮುಂಚೆ, 1926ರಲ್ಲಿ, ಸೈನ್ಯದ ಕಾಗದಪತ್ರಗಳನ್ನು ತಿದ್ದಿದನೆಂಬ ಆರೋಪದ ಮೇಲೆ ಅವನನ್ನು ಸೆರೆಗೆ ಹಾಕಿದರು. ವರ್ಷಕ್ಕೂ ಮೀರಿ ಒಳಗಿದ್ದ. ಆಮೇಲೆ ನಿರಪರಾಧಿಯೆಂದು ಬಿಟ್ಟರು. ರಾಜಕುಮಾರರೊಡನೆ ಓಡಿದವನು ಕಂಬಿಯ ಹಿಂದೆ ಕುಳಿತ ಆ ದಿನಗಳನ್ನು ನೆನೆದರೆ ನನಗೆ ಓಟದ ಕಥೆಗಿಂತ ಇದೇ ಹೆಚ್ಚು ಕಾಡುತ್ತದೆ.

1936ರಲ್ಲಿ ಬರ್ಲಿನಿನ ಕ್ರೀಡೆಗಳಿಗೆ ಅವನನ್ನು ಅತಿಥಿಯಾಗಿ ಕರೆಸಿದರು. ನಾಡಿನ ನೆರಿಗೆಯುಡುಪು ತೊಟ್ಟು, ಒಲಿಂಪಿಯದಿಂದ ತಂದ ಆಲಿವ್ ಕೊಂಬೆಯನ್ನು ಶಾಂತಿಯ ಕುರುಹಾಗಿ ಹಿಟ್ಲರನ ಕೈಗೆ ಕೊಟ್ಟ. 1940ನೆಯ ಇಸವಿ ಮಾರ್ಚ್ 26ರಂದು ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಇಟಲಿಯೂ ಮರುವರ್ಷ ಜರ್ಮನಿಯೂ ಅವನ ದೇಶದ ಮೇಲೆ ಬಿದ್ದುದನ್ನು ಕಾಣುವ ಪಾಡು ಅವನಿಗೆ ಬರಲಿಲ್ಲ. ಬೆಳ್ಳಿಯ ಬಟ್ಟಲನ್ನು 2012ರಲ್ಲಿ ಲಂಡನ್ನಿನಲ್ಲಿ ಹರಾಜು ಹಾಕಿದಾಗ ಗ್ರೀಕ್ ದತ್ತಿ ಸಂಸ್ಥೆಯೊಂದು 5,41,250 ಪೌಂಡುಗಳಿಗೆ ಕೊಂಡಿತು. 2004ರ ಒಲಿಂಪಿಕ್ ನಡೆದ ಮಾರೂಸಿಯ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರೇ ಇದೆ. ಗ್ರೀಕರ ಆಡುಮಾತಿನಲ್ಲಿ ಯಾರಾದರೂ ಕಾಲಿಗೆ ಬುದ್ಧಿ ಹೇಳಿದರೆ ಅವನು ಲೂಯಿಸ್ ಆದ ಎನ್ನುತ್ತಾರಂತೆ.

ಅಣ್ಣನು ಕಳೆದ ವರ್ಷದ ಓಟವನ್ನು ಮುಗಿಸಿದ, ಆದರೆ ತಾನೆಣಿಸಿದ ಕಾಲಕ್ಕಲ್ಲ. ಲೋಟ ಕಾರಣವೋ, ಹದಿನೈದನೆಯ ಕಿಲೋಮೀಟರಿನ ಏರು ಕಾರಣವೋ, ಇಬ್ಬರೂ ವಾದಿಸಲಿಲ್ಲ. ಈ ಲೇಖನದ ಕರಡನ್ನು ಓದಿ, ಲೂಯಿಸನ ಹೆಸರನ್ನು ಇನ್ನು ಎತ್ತುವುದಿಲ್ಲವೆಂದು ಒಪ್ಪಿದ. ಶನಿವಾರದ ವಿಷಯದಲ್ಲಿ ಮಾತ್ರ, ಓಟಕ್ಕೆ ಮುಂಚಿನ ಆರು ವಾರ ಬಿಡುತ್ತೇನೆ, ಉಳಿದದ್ದು ತನ್ನ ಇಷ್ಟವೆಂದ. ಈ ವರ್ಷದ ಆರು ವಾರ ಮೊನ್ನೆ ಶುರುವಾಗಿದೆ. ನಾಳೆ ಐದು ಗಂಟೆಗೆ ಕೆರೆ ಏರಿಯ ಬಳಿ ಸೇರಬೇಕು. ನೀರಿನ ಸೀಸೆಗಳನ್ನು ಹೊತ್ತು ತರುವ ಸರದಿ ನನ್ನದು.