ಎಂಜಿನ್ನಿನ ನಾಡಿ ಹಿಡಿದ ರುಡಾಲ್ಫ್ ಡೀಸೆಲ್

1893ರ ಆಗಸ್ಟ್ 10. ಜರ್ಮನಿಯ ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯಲ್ಲಿ ಹೊಸ ಎಂಜಿನ್ನೊಂದರ ಮೊದಲ ಪರೀಕ್ಷೆ. ಒತ್ತಿ ಕಾಯಿಸಿದ ಗಾಳಿಗೆ ಇಂಧನ ಸೇರುತ್ತಿದ್ದಂತೆ ಒತ್ತಡವು ವಾತಾವರಣದ ಒತ್ತಡಕ್ಕಿಂತ ಸುಮಾರು 80 ಪಟ್ಟು ಏರಿತು. ಅದನ್ನು ಅಳೆಯುತ್ತಿದ್ದ ಇಂಡಿಕೇಟರ್ ಎಂಬ ಉಪಕರಣ ಸಿಡಿದು ಚೂರಾಯಿತು. 35 ವರ್ಷದ ರುಡಾಲ್ಫ್ ಡೀಸೆಲ್ ಕೂದಲೆಳೆಯ ಅಂತರದಲ್ಲಿ ಪಾರಾದರು. ಆದರೆ ಕಿಡಿಯ ನೆರವಿಲ್ಲದೆ ಇಂಧನ ಹೊತ್ತಿಕೊಳ್ಳುತ್ತದೆ ಎಂಬುದು ಅಂದು ಸಾಬೀತಾಯಿತು.

ಡೀಸೆಲ್ 1858ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಬವೇರಿಯಾ ಮೂಲದ ಕುಟುಂಬದಲ್ಲಿ ಜನಿಸಿದರು. 1870ರ ಯುದ್ಧದಿಂದಾಗಿ ಕುಟುಂಬ ಲಂಡನ್ನಿಗೆ ತೆರಳಿತು; ಬಾಲಕನನ್ನು ಓದಿಗೆಂದು ಆಗ್ಸ್‌ಬರ್ಗ್‌ಗೆ ಕಳುಹಿಸಲಾಯಿತು. ಮುಂದೆ ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಲಿಂಡೆ ಅವರ ಪಾಠಗಳಿಂದ, ಉಗಿಯಂತ್ರಗಳು ಶಾಖದ ಬಹುಪಾಲನ್ನು ವ್ಯರ್ಥ ಮಾಡುತ್ತವೆ ಎಂಬುದನ್ನು ಅರಿತರು. 1892ರಲ್ಲಿ ತಮ್ಮ ಎಂಜಿನ್ನಿಗೆ ಪೇಟೆಂಟ್ ಕೋರಿದರು.

ಜೇಮ್ಸ್ ವಾಟ್ ಕಾಲದಿಂದ ಬಳಕೆಗೆ ಬಂದ ಇಂಡಿಕೇಟರ್, ಪಿಸ್ಟನ್ ಚಲನೆಗೆ ಅನುಗುಣವಾಗಿ ಸಿಲಿಂಡರಿನ ಒತ್ತಡವನ್ನು ಕಾಗದದ ಮೇಲೆ ರೇಖೆಯಾಗಿ ಬರೆಯುತ್ತಿತ್ತು. ವೈದ್ಯರು ನಾಡಿ ನೋಡುವಂತೆ ಎಂಜಿನಿಯರುಗಳು ಆ ರೇಖೆಯನ್ನು ಓದುತ್ತಿದ್ದರು. ಗಾಳಿ ಒಳಬಿಡುವ ವಾಲ್ವ್ ತಡವಾಗಿ ತೆರೆದರೆ, ಪಿಸ್ಟನ್ ಗಾಳಿ ಹೀರಲು ತೊಡಗಿದೊಡನೆ ರೇಖೆ ಕೆಳಗೆ ಕುಸಿಯುತ್ತದೆ. ಹೊಗೆ ಹೊರಬಿಡುವ ವಾಲ್ವ್ ತಡವಾದರೆ, ಇಳಿಯಬೇಕಾದ ಒತ್ತಡ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ. ಯಂತ್ರವನ್ನು ಬಿಚ್ಚದೆಯೇ ದೋಷ ಪತ್ತೆಯಾಗುತ್ತಿತ್ತು.

ಉಷ್ಣತೆ ಏರದಂತೆ ಇಂಧನ ಉರಿಸಬೇಕೆಂಬ ತಮ್ಮ ಮೂಲ ಸಿದ್ಧಾಂತವನ್ನು ಡೀಸೆಲ್ ಕೈಬಿಡಬೇಕಾಯಿತು. 1894ರ ಫೆಬ್ರುವರಿ 17ರಂದು ಎಂಜಿನ್ ಸುಮಾರು ಒಂದು ನಿಮಿಷ ಸ್ವಂತ ಬಲದಿಂದ ಓಡಿತು. ಮತ್ತೆ ಮೂರು ವರ್ಷಗಳ ಪರಿಶ್ರಮದ ಬಳಿಕ, 1897ರ ಫೆಬ್ರುವರಿಯಲ್ಲಿ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ನಡೆಸಿದ ಅಧಿಕೃತ ಪರೀಕ್ಷೆಯಲ್ಲಿ ಅದರ ದಕ್ಷತೆ ಶೇ 26.2 ಎಂದು ದಾಖಲಾಯಿತು. ಅಂದಿನ ಉಗಿಯಂತ್ರಗಳು ಇದಕ್ಕಿಂತ ಬಹಳ ಹಿಂದಿದ್ದವು.

ಕೀರ್ತಿ ಬಂದರೂ ನೆಮ್ಮದಿ ಬರಲಿಲ್ಲ. ಅನಾರೋಗ್ಯ, ಪೇಟೆಂಟ್ ವಿವಾದ, ಸಾಲಗಳು ಅವರನ್ನು ಜರ್ಜರಿತಗೊಳಿಸಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟಿದ್ದ ‘ಡ್ರೆಸ್ಡೆನ್’ ಹಡಗಿನಿಂದ ಅವರು ಕಣ್ಮರೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ದೊರೆತ ಶವದ ಬಳಿಯಿದ್ದ ವಸ್ತುಗಳನ್ನು ಅವರ ಮಗ ಗುರುತಿಸಿದರು. ಸಾವಿನ ಕಾರಣ ಮಾತ್ರ ಇಂದಿಗೂ ನಿಗೂಢ.

ಇಂದು ಪೆನ್ಸಿಲ್ಲಿನ ಜಾಗಕ್ಕೆ ವಿದ್ಯುನ್ಮಾನ ಸಂವೇದಕ ಬಂದಿದೆ. ಗಾಳಿ ಸೇರುವ ಕೊಳವೆಯ ಒತ್ತಡದ ಅಲೆಗಳು ಪರದೆಯ ಮೇಲೆ ಮೂಡುತ್ತವೆ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದರೂ ಅಲೆ ತನ್ನ ಸ್ಥಾನ ತಪ್ಪುತ್ತದೆ. ಉಪಕರಣ ಬದಲಾದರೂ, ಡೀಸೆಲ್ ಪ್ರಾಣವನ್ನೇ ಪಣಕ್ಕಿಟ್ಟು ಓದಲು ನಿಂತ ಒತ್ತಡದ ರೇಖೆಯೇ ಈಗಲೂ ಎಂಜಿನ್ನಿನ ಒಳಗುಟ್ಟನ್ನು ಹೇಳುತ್ತಿದೆ.