ಜಾನ್ ಸಲಿವನ್ನನ ಎರಡು ಕಾಳಗಗಳು

ಕಳೆದ ತಿಂಗಳು ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಸಂಜೆಯ ಹೊತ್ತು ಮನೆಗೆ ಬಂದಿದ್ದ. ಮುಷ್ಟಿಯುದ್ಧವನ್ನು ಶ್ರದ್ಧೆಯಿಂದ ಕಲಿಯುತ್ತಿರುವ ಹುಡುಗ. ವ್ಯಾಯಾಮಶಾಲೆಯಲ್ಲಿ ದಿನವೂ ಎರಡು ಗಂಟೆ ಚೀಲ ಗುದ್ದಿ, ಜೊತೆಗಾರರೊಡನೆ ಸೆಣಸಿ, ಬೆವರು ಹರಿಸಿದ ಮೇಲೂ ನಸುಕಿನಲ್ಲೆದ್ದು ಮೈಲಿಗಟ್ಟಲೆ ಓಡಲೇಬೇಕೆಂದು ಅವನ ಗುರುಗಳು ಹಟ ಹಿಡಿದಿದ್ದಾರಂತೆ. ಹೊಡೆಯುವುದು ಕೈ, ಹಾಗಿರುವಾಗ ಕಾಲನ್ನೇಕೆ ದಣಿಸಬೇಕು ಎಂಬುದು ಅವನ ಪ್ರಶ್ನೆ. ನಾನು ಇತಿಹಾಸವನ್ನು ಪಾಠ ಹೇಳುವವನು; ಎಂದೂ ಮುಷ್ಟಿ ಕಟ್ಟಿದವನಲ್ಲ. ಆದರೂ ಆ ಪ್ರಶ್ನೆಯನ್ನು ಕೇಳಿದೊಡನೆ ನನ್ನ ಮನಸ್ಸಿಗೆ ಬಂದದ್ದು ಹಿಂದಿನ ಶತಮಾನಗಳ ಅಂಚಿನಲ್ಲಿ ಬಾಳಿದ ಅಮೆರಿಕದ ಮಹಾಮಲ್ಲ ಜಾನ್ ಎಲ್. ಸಲಿವನ್ನನ ಕಥೆ.

ಸಲಿವನ್ 1858ರ ಅಕ್ಟೋಬರ್ 15ರಂದು ಬಾಸ್ಟನ್ ಬಳಿಯ ರಾಕ್ಸ್‌ಬರಿಯಲ್ಲಿ ಜನಿಸಿದ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದ ಬಡವರು. ತಂದೆ ಗಿಡ್ಡ ಮೈಕಟ್ಟಿನ ಕೂಲಿಗಾರ. ಮಗನ ಭೀಮಕಾಯ ತಾಯಿಯ ಕಡೆಯಿಂದ ಬಂದುದು. ಕೊಳಾಯಿಯ ಕೆಲಸ, ಗಾರೆಯ ಕೆಲಸ ಮೊದಲಾದವುಗಳಲ್ಲಿ ಕೈಯಾಡಿಸಿದ ಈ ತರುಣನಿಗೆ ತನ್ನ ಬಲಗೈಯ ಬಲ ಬಹುಬೇಗ ತಿಳಿದುಹೋಯಿತು. 1882ರ ಫೆಬ್ರವರಿಯಲ್ಲಿ ಮಿಸಿಸಿಪಿ ಸಿಟಿಯಲ್ಲಿ ಪ್ಯಾಡಿ ರಯಾನನನ್ನು ಒಂಬತ್ತೇ ಸುತ್ತುಗಳಲ್ಲಿ ಉರುಳಿಸಿ, ತನ್ನ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಅಮೆರಿಕದ ಅಗ್ರಮಲ್ಲನೆನಿಸಿದ. ಅನಂತರ ಊರೂರು ತಿರುಗಿ, ತನ್ನೆದುರು ನಾಲ್ಕು ಸುತ್ತು ನಿಂತವರಿಗೆ ಹಣ ಕೊಡುವೆನೆಂದು ಸಾರಿದ. ಆ ಹಣವನ್ನು ಗೆದ್ದುಕೊಂಡವರು ವಿರಳ.

ಗೆಲುವು ಸುಲಭವಾಗಿ ಬಂದವನಿಗೆ ಸಾಧನೆ ಬೇಸರ ತರುವುದು ಸಹಜವೇ. ಸಲಿವನ್ನನಿಗೆ ಮದ್ಯವೂ ಮೃಷ್ಟಾನ್ನವೂ ಪ್ರಿಯವಾದವು. ದೇಹ ಕೊಬ್ಬಿತು, ಉಸಿರು ಕುಗ್ಗಿತು. 1888ರ ಮಾರ್ಚಿಯಲ್ಲಿ ಫ್ರಾನ್ಸಿನ ಶಾಂತಿಯಿಯಲ್ಲಿ, ಸುರಿಯುವ ಮಳೆಯ ಕೆಸರಿನಲ್ಲಿ, ತನಗಿಂತ ಬಹಳ ಚಿಕ್ಕ ಮೈಯ ಚಾರ್ಲಿ ಮಿಚೆಲ್ಲನನ್ನು ಮೂವತ್ತೊಂಬತ್ತು ಸುತ್ತುಗಳಾದರೂ ಸೋಲಿಸಲಾರದೆ ಹೋದ. ಅದೇ ವರ್ಷ ಕಠಿಣವಾದ ಕಾಯಿಲೆಯೂ ಅವನನ್ನು ಹಾಸಿಗೆ ಹಿಡಿಸಿತು.

ಮರುವರ್ಷವೇ ಜೇಕ್ ಕಿಲ್ರೇನನೊಡನೆ ಕಾಳಗ ಗೊತ್ತಾಯಿತು. ಪಣ ಒಬ್ಬೊಬ್ಬರದು ಹತ್ತು ಸಾವಿರ ಡಾಲರು. ಕೈಗವಸಿಲ್ಲದ ಬರಿಗೈ ಯುದ್ಧ; ಸುತ್ತುಗಳಿಗೆ ಮಿತಿಯಿಲ್ಲ. ಒಬ್ಬ ನೆಲಕ್ಕೆ ಬಿದ್ದರೆ ಸುತ್ತು ಮುಗಿಯುವುದು. ಅರ್ಧ ನಿಮಿಷದ ವಿರಾಮದ ತರುವಾಯ ಮತ್ತೆ ಎದ್ದು ಬರಬೇಕು. ಸಲಿವನ್ನನ ಕಡೆಯವರು ಅವನನ್ನು ವಿಲಿಯಂ ಮಲ್ಡೂನನ ವಶಕ್ಕೆ ಒಪ್ಪಿಸಿದರು. ಮಲ್ಡೂನ್ ಹೆಸರಾಂತ ಕುಸ್ತಿಪಟು, ನಿಷ್ಠುರ ಶಿಸ್ತಿನ ಮನುಷ್ಯ. ನ್ಯೂಯಾರ್ಕ್ ರಾಜ್ಯದ ಬೆಲ್‌ಫಾಸ್ಟ್ ಎಂಬ ಹಳ್ಳಿಯಲ್ಲಿ ಅವನ ಹೊಲಮನೆ. ಅಲ್ಲಿ ಸಲಿವನ್ನನಿಗೆ ಮದ್ಯ ನಿಷಿದ್ಧವಾಯಿತು. ದೂರದೂರದ ನಡಿಗೆ, ಓಟ, ಹಗ್ಗದಾಟ, ಭಾರದ ಚೆಂಡಿನ ಎಸೆತ, ಕುಸ್ತಿ, ಹೊಲದ ಗೇಯ್ಮೆ ದಿನಚರಿಯಾದವು. ಜಗತ್ತನ್ನೇ ಗುದ್ದಿ ಕೆಡವಬಲ್ಲೆನೆಂದು ಬೀಗುತ್ತಿದ್ದವನು ಶಾಲೆಯ ಬಾಲಕನಂತೆ ಗುರುವಿನ ಕಣ್ಗಾವಲಿನಲ್ಲಿ ಎದ್ದು ಮಲಗಬೇಕಾಯಿತು. ಗೊಣಗಿದ, ಮುನಿದ, ಆದರೆ ಮಾಡಿದ.

1889ರ ಜುಲೈ 8ರಂದು ಮಿಸಿಸಿಪಿಯ ರಿಚ್‌ಬರ್ಗ್ ಎಂಬಲ್ಲಿ, ಕಾನೂನಿನ ಕಣ್ಣು ತಪ್ಪಿಸಿ, ಸುಡುಬಿಸಿಲಿನಲ್ಲಿ ಆ ಕಾಳಗ ನಡೆಯಿತು. ಕಿಲ್ರೇನನೂ ಅಳ್ಳೆದೆಯವನಲ್ಲ, ಎದುರಾಳಿಯನ್ನು ಓಡಾಡಿಸಿ ದಣಿಸುವುದೇ ಅವನ ಉಪಾಯ. ಹಿಂದಿನ ಸಲಿವನ್ನನಾಗಿದ್ದರೆ ಆ ಉಪಾಯ ಫಲಿಸುತ್ತಿತ್ತೋ ಏನೋ. ನಲವತ್ತನಾಲ್ಕನೆಯ ಸುತ್ತಿನಲ್ಲಿ ಅವನು ವಾಂತಿ ಮಾಡಿಕೊಂಡ. ಎಲ್ಲ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಅವನು ಚೇತರಿಸಿಕೊಂಡು ಇನ್ನೂ ಮೂವತ್ತು ಸುತ್ತುಗಳ ಮೇಲೆ ಹೋರಾಡಿದ. ಎಪ್ಪತ್ತೈದು ಸುತ್ತುಗಳು, ಎರಡು ಗಂಟೆ ಹದಿನಾರು ನಿಮಿಷ. ಕಡೆಗೆ ಕಿಲ್ರೇನನ ಪಕ್ಷದವರೇ ಸೋಲನ್ನೊಪ್ಪಿದರು. ಬರಿಗೈ ಮುಷ್ಟಿಯುದ್ಧದ ಅಗ್ರಪಟ್ಟಕ್ಕಾಗಿ ನಡೆದ ಕಡೆಯ ಮಹಾಕಾಳಗವದು.

ಇನ್ನು ಎರಡನೆಯ ಕಾಳಗದ ಮಾತು. ರಿಚ್‌ಬರ್ಗಿನ ತರುವಾಯ ಸಲಿವನ್ ರಂಗಭೂಮಿಯನ್ನೇರಿದ, ನಾಟಕದೊಡನೆ ದೇಶ ಸುತ್ತಿದ, ಹಳೆಯ ಸಹವಾಸಕ್ಕೆ ಮರಳಿದ. ಮೂರು ವರ್ಷ ಪಟ್ಟಕ್ಕಾಗಿ ಹೋರಾಡಲೇ ಇಲ್ಲ. ಕಪ್ಪು ಜನಾಂಗದವರೊಡನೆ ಕಣಕ್ಕಿಳಿಯೆನೆಂದು ಹೇಳಿ ಪೀಟರ್ ಜಾಕ್ಸನ್ನನಂಥ ಸಮರ್ಥನನ್ನು ದೂರವಿಟ್ಟ. ಅವನ ಕೀರ್ತಿಗೆ ಅಂಟಿದ ಈ ಕಳಂಕವನ್ನು ಮುಚ್ಚಿಡಲಾಗದು. ಆದರೆ ಅದೇ ಜಾಕ್ಸನ್ನನೊಡನೆ 1891ರಲ್ಲಿ ಅರವತ್ತೊಂದು ಸುತ್ತು ಸೆಣಸಿದ ಯುವಕನೊಬ್ಬನಿದ್ದ: ಸ್ಯಾನ್ ಫ್ರಾನ್ಸಿಸ್ಕೋದ ಜೇಮ್ಸ್ ಕಾರ್ಬೆಟ್. ಹಿಂದೆ ಬ್ಯಾಂಕಿನ ಗುಮಾಸ್ತ. ವ್ಯಾಯಾಮಶಾಲೆಯಲ್ಲಿ ಶಾಸ್ತ್ರೋಕ್ತವಾಗಿ ಕಲಿತವನು.

1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಇಬ್ಬರೂ ಎದುರಾದರು. ಈ ಸಲ ಕೈಗವಸುಂಟು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷದ ವಿರಾಮ. ಸಲಿವನ್ನನ ತೂಕ ಇನ್ನೂರು ಪೌಂಡಿಗೂ ಮಿಗಿಲು. ಕಾರ್ಬೆಟ್ ಅವನಿಗಿಂತ ಬಹಳ ಹಗುರ, ಸುಮಾರು ಎಂಟು ವರ್ಷ ಚಿಕ್ಕವನು. ಸಲಿವನ್ ನುಗ್ಗಿದ, ಕಾರ್ಬೆಟ್ ಸರಿದ. ಮತ್ತೆ ನುಗ್ಗಿದ, ಮತ್ತೆ ಸರಿದ. ಗಾಳಿಗೆ ಗುದ್ದಿ ಗುದ್ದಿ ಹಿರಿಯನ ಉಸಿರು ಬತ್ತಿತು, ಕಾಲು ಭಾರವಾಯಿತು, ಕೈ ತಗ್ಗಿತು. ಇಪ್ಪತ್ತೊಂದನೆಯ ಸುತ್ತಿನಲ್ಲಿ ನೆಲಕ್ಕುರುಳಿದವನು ಮತ್ತೆ ಏಳಲಿಲ್ಲ. ಪ್ರಜ್ಞೆ ಬಂದ ಮೇಲೆ ಹಗ್ಗವನ್ನು ಹಿಡಿದು ನಿಂತು, ಪಟ್ಟ ಅಮೆರಿಕದವನಿಗೇ ಹೋದುದಕ್ಕೆ ಸಂತೋಷವೆಂದು ಜನರಿಗೆ ಹೇಳಿದನಂತೆ.

ವಯಸ್ಸಿನ ಅಂತರವನ್ನೂ ಕಾರ್ಬೆಟ್ಟನ ಚಾತುರ್ಯವನ್ನೂ ಕಡೆಗಣಿಸಿ, ಓಡದೆ ಇದ್ದುದರಿಂದಲೇ ಸಲಿವನ್ ಸೋತನೆಂದು ಹೇಳುವುದು ನ್ಯಾಯವಾಗದು. ಆದರೂ ಗುದ್ದಿನ ಬಲ ಬೇರೆ, ಆ ಬಲವನ್ನು ಕಡೆಯ ಸುತ್ತಿನವರೆಗೆ ಉಳಿಸಿಕೊಳ್ಳುವ ಬಲ ಬೇರೆ ಎಂಬುದು ಸ್ಪಷ್ಟ. ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಬಿರುಸಿನ ಹೊಡೆತಗಳಲ್ಲಿ ಕೆಲವೇ ಕ್ಷಣಗಳಿಗೆ ಸಾಕಾಗುವಂಥದು. ಅದನ್ನು ಮತ್ತೆ ತುಂಬುವುದು ಉಸಿರು, ಆ ಉಸಿರನ್ನು ಮೈಗೆಲ್ಲ ಸಾಗಿಸುವುದು ಹೃದಯ. ದೀರ್ಘವಾದ ಓಟ ಆ ಹೃದಯವನ್ನು ಪಳಗಿಸುತ್ತದೆ. ಒಂದು ನಿಮಿಷದ ವಿರಾಮದಲ್ಲಿ ಚೇತರಿಸಿಕೊಳ್ಳುವುದನ್ನು ಕಲಿಸುತ್ತದೆ. ನಿಧಾನದ ಓಟ ಮೇಲೋ ಬಿರುಸಿನ ಕಿರು ಓಟ ಮೇಲೋ ಎಂದು ಇಂದಿನ ತರಬೇತಿಗಾರರಲ್ಲಿ ವಾದವುಂಟು. ಓಟವೊಂದೇ ಮಲ್ಲನನ್ನು ಮಾಡಲಾರದೆಂಬುದೂ ನಿಜ. ಮಲ್ಡೂನ್ ಕೂಡ ಓಟವನ್ನಷ್ಟೇ ನಂಬಿರಲಿಲ್ಲ. ಆದರೆ ದಮ್ಮಿನ ಸಾಧನೆಯೇ ಬೇಡವೆನ್ನುವವರನ್ನು ನಾನರಿಯೆ.

ಸಲಿವನ್ನನ ಕಥೆ ಸೋಲಿನಲ್ಲಿ ಮುಗಿಯುವುದಿಲ್ಲ. 1905ರಲ್ಲಿ ಅವನು ಕುಡಿತವನ್ನು ಬಿಟ್ಟ. ಅನಂತರ ಊರೂರಿಗೆ ಹೋಗಿ ಪಾನನಿರೋಧವನ್ನು ಕುರಿತು ಭಾಷಣ ಮಾಡಿದ. ಮಲ್ಡೂನ್ ಕೆಲವು ತಿಂಗಳು ಹೊರಗಿನಿಂದ ಹೇರಿದ್ದ ಶಿಸ್ತು, ಕಡೆಗೊಮ್ಮೆ ಅವನದೇ ಆಯಿತು. 1918ರ ಫೆಬ್ರವರಿ 2ರಂದು, ಮ್ಯಾಸಚೂಸೆಟ್ಸಿನ ಅಬಿಂಗ್ಟನ್ನಿನ ತನ್ನ ಹೊಲಮನೆಯಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

ಇಷ್ಟನ್ನೂ ಕೇಳಿದ ಹುಡುಗ ಏನೂ ಹೇಳದೆ ನಮಸ್ಕರಿಸಿ ಹೊರಟುಹೋದ. ಅವನು ಓಡುತ್ತಿರುವನೋ ಇಲ್ಲವೋ ನಾನು ವಿಚಾರಿಸಿಲ್ಲ. ನನ್ನ ಮೇಜಿನ ಮೇಲೆ ಇಪ್ಪತ್ತು ವರ್ಷಗಳಿಂದ ಅದೇ ಪಾಠಕ್ಕೆ ಬಳಸುತ್ತ ಬಂದ ಟಿಪ್ಪಣಿಯ ಪುಸ್ತಕವೊಂದಿದೆ. ಅದನ್ನು ತೆರೆಯದೆಯೂ ಒಂದು ಗಂಟೆ ಮಾತನಾಡಬಲ್ಲೆನೆಂಬ ಹೆಮ್ಮೆ ನನಗಿತ್ತು. ಆ ರಾತ್ರಿ ಅದನ್ನು ಬದಿಗಿಟ್ಟೆ. ಮರುದಿನ ನಸುಕಿನಲ್ಲೆದ್ದು, ಗ್ರಂಥಾಲಯದಿಂದ ತಂದು ಓದದೆ ಇಟ್ಟಿದ್ದ ಗ್ರಂಥವನ್ನು ಬಿಚ್ಚಿ ಕುಳಿತೆ.